ಹಿಗ್ಗುವ ವಿಶ್ವ ಮತ್ತು ಕೈಬಿಟ್ಟ ಪದ

ಒಂದು ಮೀಟರ್ ಉದ್ದದ ಉಕ್ಕಿನ ಸರಳನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ಅದು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಬೆಳೆಯುತ್ತದೆ. ಈ ಬೆಳವಣಿಗೆಗೆ ಉಷ್ಣ ವ್ಯಾಕೋಚನ ಎಂದೂ, ಡಿಗ್ರಿಯೊಂದಕ್ಕೆ ಅದು ಎಷ್ಟು ಎಂದು ಹೇಳುವ ಸಂಖ್ಯೆಗೆ ವ್ಯಾಕೋಚನ ಗುಣಾಂಕ ಎಂದೂ ಹೆಸರು. ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿರುವುದೂ ಹಿಗ್ಗುವಿಕೆಯೇ, ಆದರೆ ಅಲ್ಲಿ ಹಿಗ್ಗುವುದು ಯಾವುದೋ ವಸ್ತುವಲ್ಲ, ವಸ್ತುಗಳ ನಡುವಣ ಆಕಾಶವೇ. ಗಣಿತಜ್ಞರು ಒಂದು ಅಡಕವಾದ ಸೂತ್ರವನ್ನು ಹಲವು ಪದಗಳ ಮೊತ್ತವಾಗಿ ಬಿಡಿಸಿ ಬರೆದಾಗ ಅದನ್ನೂ ವಿಸ್ತರಣೆ ಎನ್ನುತ್ತಾರೆ. ಮೇಲ್ನೋಟಕ್ಕೆ ಈ ಮೂರಕ್ಕೂ ನಂಟಿದ್ದಂತೆ ತೋರುವುದಿಲ್ಲ. ಆದರೆ ಮೊದಲಿನ ಎರಡನ್ನು ಅರಿಯಲು ಮನುಷ್ಯನಿಗೆ ಸಿಕ್ಕ ಸಾಧನ ಮೂರನೆಯದೇ ಆಗಿದೆ. ಆ ಸಾಧನವನ್ನು ಬಳಸುವಾಗ ಮೊದಲ ಒಂದೆರಡು ಪದಗಳನ್ನು ಇಟ್ಟುಕೊಂಡು ಉಳಿದವನ್ನು ಸಣ್ಣವೆಂದು ಕೈಬಿಡುವುದು ರೂಢಿ. ಹೀಗೆ ಕೈಬಿಟ್ಟ ಪದದಲ್ಲೇ ನಿಸರ್ಗದ ಮುಖ್ಯ ಸಂಗತಿ ಅಡಗಿದ್ದ ಪ್ರಸಂಗಗಳು ವಿಜ್ಞಾನದ ಚರಿತ್ರೆಯಲ್ಲಿ ಒಂದೆರಡಲ್ಲ, ಮತ್ತು ಹಿಗ್ಗುವಿಕೆಯ ಚರಿತ್ರೆಯಂತೂ ಹೆಚ್ಚುಕಡಿಮೆ ಅಂಥ ಪ್ರಸಂಗಗಳಿಂದಲೇ ಆಗಿದೆ.

ಅಳತೆಯ ಕೆಲಸದಲ್ಲಿ ವ್ಯಾಕೋಚನ ಎಷ್ಟು ದೊಡ್ಡ ತೊಡಕಾಗಬಲ್ಲದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಹತ್ತಿರದ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಮುಂದೆ ಹಿಮಾಲಯದವರೆಗೆ ಬೆಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂದು ಹೆಸರಾದ ಕಾರ್ಯಕ್ಕೆ ಇದು ಪೂರ್ವಸಿದ್ಧತೆಯಾಯಿತು. ತ್ರಿಕೋನಗಳ ಜಾಲವೆಲ್ಲ ಒಂದು ಆಧಾರರೇಖೆಯ ಮೇಲೆ ನಿಲ್ಲುವುದರಿಂದ, ಅದರಲ್ಲಿ ಆದ ತಪ್ಪು ಪ್ರತಿಯೊಂದು ಬೆಟ್ಟದ ದೂರಕ್ಕೂ ಅಂಟಿಕೊಳ್ಳುತ್ತದೆ. ಸರಪಳಿಯ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದ್ದನ್ನು ಲೆಕ್ಕಕ್ಕೆ ತಾರದೆ ಬಿಟ್ಟರೆ ನೂರು ಅಡಿಗೆ ಸುಮಾರು 0.14 ಇಂಚಿನ ವ್ಯತ್ಯಾಸ ಬರುತ್ತದೆ, ಏಳೂವರೆ ಮೈಲಿ ಮುಗಿಯುವ ಹೊತ್ತಿಗೆ ಅದು ಐದು ಅಡಿಯ ಸಮೀಪಕ್ಕೆ ಬೆಳೆಯುತ್ತದೆ. ಆದಕಾರಣ ಸರ್ವೇಕ್ಷಕರು ಸರಪಳಿಗೆ ನೆರಳು ಕಟ್ಟುತ್ತಿದ್ದರು, ಅದರ ಮಗ್ಗುಲಲ್ಲಿ ಉಷ್ಣಮಾಪಕಗಳನ್ನು ಇಡುತ್ತಿದ್ದರು, ಅಳೆದ ಉದ್ದವನ್ನು ಒಂದು ನಿಶ್ಚಿತ ಉಷ್ಣತೆಗೆ ಇಳಿಸಿ ತಿದ್ದುತ್ತಿದ್ದರು. ಉಷ್ಣತೆಯ ಏರಿಕೆಯನ್ನು ಗುಣಾಂಕದಿಂದಲೂ ಮೂಲ ಉದ್ದದಿಂದಲೂ ಗುಣಿಸಿ ಆ ಉದ್ದಕ್ಕೇ ಕೂಡುವ ಈ ತಿದ್ದುಪಡಿ ಗಣಿತದ ದೃಷ್ಟಿಯಿಂದ ಒಂದು ವಿಸ್ತರಣೆಯ ಮೊದಲ ಎರಡು ಪದಗಳು ಮಾತ್ರ. ಉಷ್ಣತೆಯ ವರ್ಗ, ಘನ ಮುಂತಾದವು ಬರುವ ಪದಗಳು ಅದರ ಹಿಂದೆ ಸಾಲುಗಟ್ಟಿ ನಿಂತಿರುತ್ತವೆ. ಉಷ್ಣತೆಯ ಏರಿಳಿತ ಚಿಕ್ಕದಾಗಿರುವುದರಿಂದ ಅವನ್ನು ಬಿಟ್ಟರೆ ನಡೆಯುತ್ತದೆ.

ವಸ್ತು ಹಿಗ್ಗುವುದಾದರೂ ಏಕೆ? ಬಿಸಿಯಾದಾಗ ಪರಮಾಣುಗಳು ಹೆಚ್ಚು ಜೋರಾಗಿ ಕಂಪಿಸುವುದರಿಂದ ಹೆಚ್ಚು ಜಾಗ ಬೇಕಾಗುತ್ತದೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ, ಮತ್ತು ಅದು ಅರ್ಧ ಮಾತ್ರ ಸರಿ. ಅಕ್ಕಪಕ್ಕದ ಎರಡು ಪರಮಾಣುಗಳ ನಡುವೆ ಒಂದು ನೆಮ್ಮದಿಯ ಅಂತರವಿರುತ್ತದೆ, ಅಲ್ಲಿ ಅವುಗಳ ಪ್ರಚ್ಛನ್ನ ಶಕ್ತಿ, ಎಂದರೆ ಸ್ಥಾನದ ಕಾರಣದಿಂದ ಅವುಗಳಲ್ಲಿರುವ ಶಕ್ತಿ, ಅತಿ ಕಡಿಮೆ. ಆ ಅಂತರದಿಂದ ಪರಮಾಣುಗಳು ಎಷ್ಟು ಸರಿದಿವೆ ಎಂಬುದನ್ನು ಆಧರಿಸಿ ಶಕ್ತಿಯನ್ನು ವಿಸ್ತರಿಸಿ ಬರೆದರೆ ಬೆಲೆಯುಳ್ಳ ಮೊದಲ ಪದ ಪಲ್ಲಟದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಭೌತವಿಜ್ಞಾನಿಗಳು ಘನವಸ್ತುವಿನ ಬಹುಪಾಲು ಗುಣಗಳನ್ನು ಈ ಒಂದು ಪದದಿಂದಲೇ ಲೆಕ್ಕ ಹಾಕುತ್ತಾರೆ, ಏಕೆಂದರೆ ಅದು ಪರಮಾಣುಗಳನ್ನು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಕಾಣಿಸುತ್ತದೆ, ಸ್ಪ್ರಿಂಗಿನ ಗಣಿತವೋ ಬಲು ಸುಲಭ. ಆದರೆ ವರ್ಗಪದ ಎರಡೂ ಕಡೆಗೆ ಸಮಾನವಾದುದು. ಪರಮಾಣು ಒಳಕ್ಕೆ ಎಷ್ಟು ಸರಿಯುತ್ತದೆಯೋ ಹೊರಕ್ಕೂ ಅಷ್ಟೇ ಸರಿಯುವುದರಿಂದ, ಕಂಪನ ಎಷ್ಟೇ ಜೋರಾದರೂ ಸರಾಸರಿ ಸ್ಥಾನ ಒಂದಿನಿತೂ ಕದಲುವುದಿಲ್ಲ. ಆ ಪದವೊಂದೇ ನಿಜವಾಗಿದ್ದರೆ ಜಗತ್ತಿನ ಯಾವ ಹಳಿಯೂ ಬೇಸಗೆಯಲ್ಲಿ ಉದ್ದವಾಗುತ್ತಿರಲಿಲ್ಲ. ವ್ಯಾಕೋಚನ ಹುಟ್ಟುವುದು ಅದರ ಮುಂದಿನ ಘನಪದದಿಂದ. ಪರಮಾಣುಗಳನ್ನು ಹತ್ತಿರಕ್ಕೆ ಒತ್ತುವುದು ಕಷ್ಟ, ದೂರಕ್ಕೆ ಎಳೆಯುವುದು ಅದಕ್ಕಿಂತ ಸುಲಭ ಎಂಬ ಅಸಮತೆಯನ್ನು ಆ ಪದ ಹೊತ್ತಿದೆ, ಆದುದರಿಂದ ಕಂಪನ ಹೆಚ್ಚಿದಂತೆ ಸರಾಸರಿ ಅಂತರ ಹೊರಕ್ಕೆ ವಾಲುತ್ತದೆ. ಸಣ್ಣದೆಂದು ಕೈಬಿಡಬಹುದಾಗಿದ್ದ ಪದವೇ ಇಲ್ಲಿ ಇಡೀ ವಿದ್ಯಮಾನದ ಕರ್ತೃ.

ಎಂಜಿನಿಯರುಗಳು ಈ ಗುಣದೊಡನೆ ನಾನಾ ವಿಧದಲ್ಲಿ ಹೊಂದಿಕೊಂಡಿದ್ದಾರೆ. ಉಕ್ಕು ಮತ್ತು ಕಾಂಕ್ರೀಟುಗಳ ಗುಣಾಂಕಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದಲೇ ಕಬ್ಬಿಣದ ಸರಳುಗಳನ್ನು ಹುದುಗಿಸಿದ ಕಾಂಕ್ರೀಟು ಬಿಸಿಲಿಗೆ ಸೀಳದೆ ಬಾಳುತ್ತದೆ. ಹಳಿಗಳ ನಡುವೆ ಬಿಡುವ ಸಂದು ಈಗ ಬಹುಮಟ್ಟಿಗೆ ಹಳೆಯ ಸಂಗತಿ. ಉದ್ದಕ್ಕೂ ಬೆಸೆದ ಇಂದಿನ ಹಳಿಗಳನ್ನು ಸ್ಲೀಪರುಗಳು ಬಿಗಿಹಿಡಿದಿರುವುದರಿಂದ ಅವುಗಳಿಗೆ ಉದ್ದವಾಗಲು ಎಡೆಯೇ ಇಲ್ಲ, ಹಿಗ್ಗಬೇಕಾದ ಒತ್ತಾಯ ಲೋಹದೊಳಗೆ ಸಂಪೀಡನವಾಗಿ ಉಳಿಯುತ್ತದೆ, ಅದು ಮಿತಿಮೀರಿದಾಗ ಹಳಿ ಪಕ್ಕಕ್ಕೆ ಬಾಗುತ್ತದೆ. ಪ್ಯಾರಿಸ್ ಸಮೀಪದ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋದಲ್ಲಿ ಶಾರ್ಲ್ ಗಿಯೋಮ್ 1896ರಲ್ಲಿ ಕಬ್ಬಿಣಕ್ಕೆ ನೂರಕ್ಕೆ 36ರಷ್ಟು ನಿಕ್ಕಲ್ ಬೆರೆಸಿದಾಗ ವ್ಯಾಕೋಚನ ಉಕ್ಕಿನದರ ಹತ್ತನೆಯ ಒಂದರಷ್ಟಕ್ಕೆ ಇಳಿಯಿತು. ಇನ್ವಾರ್ ಎಂದು ಹೆಸರಾದ ಈ ಮಿಶ್ರಲೋಹಕ್ಕಾಗಿ ಅವರಿಗೆ 1920ರ ನೊಬೆಲ್ ಪ್ರಶಸ್ತಿ ದೊರೆಯಿತು. ಕುಗ್ಗುವ ವಸ್ತುಗಳೂ ಇವೆ. ನೀರು 0 ಡಿಗ್ರಿಯಿಂದ 4 ಡಿಗ್ರಿಯವರೆಗೆ ಕಾಯಿಸಿದಷ್ಟೂ ಕುಗ್ಗುತ್ತದೆ ಎಂಬುದು ಎಲ್ಲರೂ ಓದಿರುವ ವಿಷಯ. ಜಿರ್ಕೋನಿಯಂ ಟಂಗ್‌ಸ್ಟೇಟ್ ಎಂಬ ಸಂಯುಕ್ತ ನಿರಪೇಕ್ಷ ಶೂನ್ಯದ ಹತ್ತಿರದಿಂದ 1000 ಕೆಲ್ವಿನ್ ದಾಟುವವರೆಗೂ ಕುಗ್ಗುತ್ತಲೇ ಇರುತ್ತದೆ ಎಂಬುದು 1996ರಲ್ಲಿ ಪ್ರಕಟವಾದಾಗ ತಜ್ಞರೇ ಅಚ್ಚರಿಪಟ್ಟರು. ಹಿಗ್ಗುವಿಕೆ ವಸ್ತುವಿನ ಹಣೆಬರಹವೇನೂ ಅಲ್ಲ, ಬಂಧಗಳ ರೀತಿಯನ್ನು ಅವಲಂಬಿಸಿದ್ದು ಎಂದು ಇದರಿಂದ ಸಿದ್ಧವಾಗುತ್ತದೆ. ಇನ್ನು ಸಮುದ್ರಗಳ ಮಾತು. 1971ರಿಂದ 2018ರವರೆಗೆ ಸಮುದ್ರಮಟ್ಟ ಏರಿದ್ದರಲ್ಲಿ ಅರ್ಧದಷ್ಟಕ್ಕೆ ಕಾರಣ ಕರಗಿದ ಹಿಮವಲ್ಲ, ಬೆಚ್ಚಗಾದ ನೀರು ಹಿಗ್ಗಿದ್ದು. ಕಡಲತೀರದ ಊರುಗಳ ಭವಿಷ್ಯವನ್ನು ಚರ್ಚಿಸುವವರು ನೆನಪಿನಲ್ಲಿಡಬೇಕಾದ ಅಂಕಿ ಇದು.

ಗಣಿತದ ವಿಸ್ತರಣೆಯ ಕಥೆ ಭಾರತದಲ್ಲಿ ಛಂದಸ್ಸಿನಿಂದ ತೊಡಗುತ್ತದೆ. ನಾಲ್ಕು ಅಕ್ಷರಗಳ ಪಾದದಲ್ಲಿ ಎರಡು ಗುರುಗಳು ಬರುವ ವಿನ್ಯಾಸಗಳು ಎಷ್ಟು ಎಂದು ಎಣಿಸಿದರೆ ಆರು, ಗುರು ಒಂದೂ ಇಲ್ಲದ್ದು ಒಂದು, ಒಂದೇ ಇರುವಂಥವು ನಾಲ್ಕು. ಹೀಗೆ ಬರುವ 1, 4, 6, 4, 1 ಎಂಬ ಸಂಖ್ಯೆಗಳೇ ಎರಡು ಪದಗಳ ಮೊತ್ತವನ್ನು ನಾಲ್ಕನೆಯ ಘಾತಕ್ಕೆ ಏರಿಸಿ ಬಿಡಿಸಿದಾಗ ದೊರೆಯುವ ಸಹಗುಣಕಗಳು. ಛಂದಶ್ಶಾಸ್ತ್ರಕಾರ ಪಿಂಗಳನ ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇವನ್ನು ಮೇರುಪ್ರಸ್ತಾರ ಎಂಬ ಕೋಷ್ಟಕದಲ್ಲಿ ಜೋಡಿಸಿದ್ದಾನೆ. ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿಯೂ ಪ್ರಸ್ತಾರದ ವಿಧಿಗಳನ್ನು ವಿವರಿಸುತ್ತದೆ. ಇಲ್ಲಿ ಪದಗಳ ಸಂಖ್ಯೆ ಮಿತ, ವಿಸ್ತರಣೆ ಒಂದು ಕಡೆ ಮುಗಿಯುತ್ತದೆ.

ಮುಗಿಯದ ವಿಸ್ತರಣೆಯನ್ನು ಧೈರ್ಯವಾಗಿ ಕೈಗೆತ್ತಿಕೊಂಡವರು ಕೇರಳದ ಗಣಿತಜ್ಞರು. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ಸಂಗಮಗ್ರಾಮದ ಮಾಧವ, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯಾದ ಪೈಯ ನಾಲ್ಕನೆಯ ಒಂದು ಭಾಗವನ್ನು ಒಂದರಿಂದ ಮೂರನೆಯ ಒಂದನ್ನು ಕಳೆದು, ಐದನೆಯ ಒಂದನ್ನು ಕೂಡಿ, ಏಳನೆಯ ಒಂದನ್ನು ಕಳೆದು ಹೀಗೆ ಕೊನೆಯಿಲ್ಲದೆ ಸಾಗುವ ಶ್ರೇಢಿಯಾಗಿ ಬರೆದ. ಇದರ ಸಾಧನೆಯನ್ನು ಜ್ಯೇಷ್ಠದೇವ 1530ರ ಸುಮಾರಿಗೆ ಮಲಯಾಳಂ ಗದ್ಯದಲ್ಲಿ, ಯುಕ್ತಿಭಾಷಾ ಎಂಬ ಗ್ರಂಥದಲ್ಲಿ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟ. ಯೂರೋಪಿನಲ್ಲಿ ಇದೇ ಶ್ರೇಢಿ ಗ್ರೆಗರಿ ಮತ್ತು ಲೈಬ್ನಿಟ್ಸ್ ಅವರಿಂದ ಹದಿನೇಳನೆಯ ಶತಮಾನದಲ್ಲಿ ಬಂತು ಎಂದು ಹೇಳಿ ಮಾಧವನ ಆದ್ಯತೆಯನ್ನು ಕೊಂಡಾಡುವುದು ನಮ್ಮಲ್ಲಿ ವಾಡಿಕೆ. ಆದರೆ ಮಾಧವನ ನಿಜವಾದ ಹಿರಿಮೆ ಶ್ರೇಢಿಯನ್ನು ಕಂಡದ್ದಕ್ಕಿಂತಲೂ ಅದನ್ನು ನಡುವೆ ಕಡಿದಾಗ ಉಳಿಯುವುದೆಷ್ಟು ಎಂದು ಕೇಳಿದ್ದರಲ್ಲಿದೆ. ಈ ಶ್ರೇಢಿ ಬಹಳ ನಿಧಾನವಾಗಿ ಗುರಿಯತ್ತ ಸಾಗುತ್ತದೆ. ಐವತ್ತು ಪದಗಳನ್ನು ಕೂಡಿ ನಾಲ್ಕರಿಂದ ಗುಣಿಸಿದರೆ ಬರುವುದು 3.1216, ಎರಡನೆಯ ದಶಾಂಶ ಸ್ಥಾನವೇ ತಪ್ಪು. ಕೇರಳದ ಗಣಿತಜ್ಞರು ಇಲ್ಲಿ ಅಂತ್ಯಸಂಸ್ಕಾರ ಎಂಬ ತಿದ್ದುಪಡಿಯನ್ನು ತಂದರು. ಪದಗಳ ಸಂಖ್ಯೆಯ ವರ್ಗಕ್ಕೆ ಒಂದನ್ನು ಕೂಡಿದ್ದು ಅಂಶ. ಅದೇ ವರ್ಗದ ನಾಲ್ಕರಷ್ಟಕ್ಕೆ ಐದನ್ನು ಕೂಡಿ ಪದಸಂಖ್ಯೆಯಿಂದ ಗುಣಿಸಿದ್ದು ಛೇದ. ಈ ಭಿನ್ನರಾಶಿಯನ್ನು ಕಡಿದ ಶ್ರೇಢಿಯ ಕೊನೆಗೆ, ಮುಂದಿನ ಪದಕ್ಕೆ ಬರಬೇಕಾದ ಚಿಹ್ನೆಯೊಡನೆ ಸೇರಿಸಿದರೆ ಅದೇ ಐವತ್ತು ಪದಗಳಿಂದ ಪೈಯ ಬೆಲೆ ಹನ್ನೊಂದು ದಶಾಂಶ ಸ್ಥಾನಗಳವರೆಗೆ ಸರಿಯಾಗಿ ಬರುತ್ತದೆ. ಕೈಬಿಟ್ಟ ಅನಂತ ಪದಗಳಿಗೆಲ್ಲ ಒಂದು ಲೆಕ್ಕ ಕೊಟ್ಟ ಈ ಎಚ್ಚರ ಗಣಿತದ ಚರಿತ್ರೆಯಲ್ಲಿ ಅಪೂರ್ವವಾದುದು, ಆದರೂ ನಮ್ಮ ಪಠ್ಯಪುಸ್ತಕಗಳು ಶ್ರೇಢಿಯನ್ನು ಹೊಗಳಿ ಸಂಸ್ಕಾರವನ್ನು ಮರೆಯುತ್ತವೆ. ಯುಕ್ತಿಭಾಷಾ ಕೆ.ವಿ. ಶರ್ಮ ಅವರ ಇಂಗ್ಲಿಷ್ ಅನುವಾದದೊಡನೆ 2008ರಲ್ಲಿ ಪ್ರಕಟವಾಗಿದೆ, ಕನ್ನಡದ ಗಣಿತಾಸಕ್ತರು ಅದನ್ನು ಓದಬೇಕು.

ಯೂರೋಪಿನಲ್ಲಿ ನ್ಯೂಟನ್ ದ್ವಿಪದ ವಿಸ್ತರಣೆಯನ್ನು ಭಿನ್ನರಾಶಿ ಘಾತಗಳಿಗೂ ಹಿಗ್ಗಿಸಿದ, 1715ರಲ್ಲಿ ಬ್ರೂಕ್ ಟೇಲರ್ ಯಾವುದೇ ನಯವಾದ ಫಲನವನ್ನು, ಎಂದರೆ ಒಂದು ರಾಶಿ ಇನ್ನೊಂದನ್ನು ಅವಲಂಬಿಸುವ ನಿಯಮವನ್ನು, ಒಂದು ಬಿಂದುವಿನ ಸುತ್ತ ಬಿಡಿಸುವ ಸಾಮಾನ್ಯ ಸೂತ್ರವನ್ನು ಪ್ರಕಟಿಸಿದ. ಟೇಲರ್ ವಿಸ್ತರಣೆಯಲ್ಲಿ ಮೊದಲ ಪದ ಆ ಬಿಂದುವಿನಲ್ಲಿರುವ ಬೆಲೆಯನ್ನೂ, ಎರಡನೆಯದು ಬದಲಾವಣೆಯ ದರವನ್ನೂ, ಮೂರನೆಯದು ಆ ದರವೇ ಬದಲಾಗುವ ಬಗೆಯನ್ನೂ ಹೇಳುತ್ತದೆ. ಎಲ್ಲ ವಿಸ್ತರಣೆಗಳೂ ಎಲ್ಲೆಡೆ ನೆಟ್ಟಗೆ ನಡೆಯುತ್ತವೆ ಎಂದೇನೂ ಇಲ್ಲ. ಒಂದರಿಂದ ಒಂದು ಸಂಖ್ಯೆಯನ್ನು ಕಳೆದು, ಉಳಿದದ್ದರಿಂದ ಒಂದನ್ನು ಭಾಗಿಸುವ ಸೂತ್ರ ಆ ಸಂಖ್ಯೆಯ ಘಾತಗಳ ಮೊತ್ತವಾಗಿ ಬಿಚ್ಚಿಕೊಳ್ಳುತ್ತದೆ. ಸಂಖ್ಯೆ ಅರ್ಧವಾಗಿದ್ದರೆ ಮೊತ್ತ 2ರ ಕಡೆಗೆ ಸಾಗುತ್ತದೆ, ಸಂಖ್ಯೆ 2 ಆದಾಗ ಸೂತ್ರದ ಬೆಲೆ ಋಣ ಒಂದು, ವಿಸ್ತರಣೆಯೋ 1, 2, 4, 8 ಎಂದು ಅನಂತಕ್ಕೆ ಓಡುತ್ತದೆ. ವಿಸ್ತರಣೆ ಒಂದು ನಿಶ್ಚಿತ ಬೆಲೆಯತ್ತ ಕೂಡಿಬರುವುದಕ್ಕೆ ಅಭಿಸರಣ ಎಂದು ಹೆಸರು, ಅದು ನಡೆಯುವ ವಲಯದ ಎಲ್ಲೆಯನ್ನು ತಿಳಿಯದೆ ವಿಸ್ತರಣೆಯನ್ನು ಬಳಸುವುದು ಅಪಾಯಕಾರಿ.

ಈ ಸಾಧನವನ್ನು ಹಿಡಿದು ವಿಶ್ವದತ್ತ ನೋಡಬಹುದು. 1917ರಲ್ಲಿ ಐನ್‌ಸ್ಟೈನ್ ತಮ್ಮ ಸಾರ್ವತ್ರಿಕ ಸಾಪೇಕ್ಷತಾ ಸಮೀಕರಣಗಳನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ ಅದು ಸ್ಥಿರವಾಗಿರಲೇಬೇಕೆಂದು ಭಾವಿಸಿ, ಹಾಗೆ ನಿಲ್ಲಿಸಲೆಂದೇ ವಿಶ್ವಸ್ಥಿರಾಂಕ ಎಂಬ ಒಂದು ಪದವನ್ನು ಸೇರಿಸಿದರು. ರಷ್ಯದ ಅಲೆಕ್ಸಾಂಡರ್ ಫ್ರೀಡ್ಮನ್ 1922ರಲ್ಲಿ ಅದೇ ಸಮೀಕರಣಗಳಿಗೆ ಹಿಗ್ಗುವ ಮತ್ತು ಕುಗ್ಗುವ ವಿಶ್ವಗಳೂ ಉತ್ತರಗಳೆಂದು ತೋರಿಸಿದರು, ಮೂರೇ ವರ್ಷಗಳಲ್ಲಿ, 37ರ ವಯಸ್ಸಿನಲ್ಲಿ, ತೀರಿಕೊಂಡರು. ಬೆಲ್ಜಿಯಂನ ಪಾದ್ರಿ ಹಾಗೂ ಭೌತವಿಜ್ಞಾನಿ ಝಾರ್ಜ್ ಲೆಮೆತ್ರ್ 1927ರಲ್ಲಿ ಗೆಲಾಕ್ಸಿಗಳ ವೇಗ ಅವುಗಳ ದೂರಕ್ಕೆ ಅನುಪಾತದಲ್ಲಿರಬೇಕೆಂದು ಸಿದ್ಧಾಂತದಿಂದ ಪಡೆದು, ಆಗ ದೊರೆತಿದ್ದ ವೀಕ್ಷಣೆಗಳಿಂದ ಅದರ ದರವನ್ನೂ ಲೆಕ್ಕ ಹಾಕಿದರು. ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ವೆಸ್ಟೋ ಸ್ಲೈಫರ್ 1912ರಿಂದಲೇ ಸುರುಳಿ ನೀಹಾರಿಕೆಗಳ, ಎಂದರೆ ಗೆಲಾಕ್ಸಿಗಳ, ಬೆಳಕನ್ನು ಅಳೆಯುತ್ತ ಬಂದು, ಹೆಚ್ಚಿನವುಗಳಲ್ಲಿ ಅದು ಕೆಂಪಿನತ್ತ ಸರಿದಿದೆ, ಎಂದರೆ ಅವು ದೂರ ಸರಿಯುತ್ತಿವೆ ಎಂದು ಕಂಡಿದ್ದರು, ಎಡ್ವಿನ್ ಹಬಲ್ 1929ರಲ್ಲಿ ಗೆಲಾಕ್ಸಿಗಳ ದೂರಗಳನ್ನು ಸೇರಿಸಿ ವೇಗಕ್ಕೂ ದೂರಕ್ಕೂ ಇರುವ ಸರಳರೇಖೆಯ ಸಂಬಂಧವನ್ನು ಪ್ರಕಟಿಸಿದರು. ಈ ಕೀರ್ತಿಯನ್ನು ಒಬ್ಬರಿಗೇ ಸಲ್ಲಿಸುವುದು ನ್ಯಾಯವಲ್ಲ, 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಹಬಲ್-ಲೆಮೆತ್ರ್ ನಿಯಮ ಎಂದು ಕರೆಯಬೇಕೆಂದು ನಿರ್ಣಯಿಸಿದ್ದು ಸರಿಯಾಗಿಯೇ ಇದೆ.

ಹಬಲ್ ಪಡೆದ ದರ ಮೆಗಾಪಾರ್ಸೆಕ್ ಒಂದಕ್ಕೆ, ಎಂದರೆ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ, ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಆ ವೇಗದಲ್ಲಿ ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷ ಕೂಡ ಆಗುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ವಯಸ್ಸೇ ಸುಮಾರು 300 ಕೋಟಿ ವರ್ಷ. ವಿಶ್ವ ತನ್ನ ಕಲ್ಲುಗಳಿಗಿಂತ ಕಿರಿಯದಾಗುವ ಈ ವಿರೋಧಾಭಾಸ ಹಲವರನ್ನು ಕಾಡಿತು. 1952ರಲ್ಲಿ ವಾಲ್ಟರ್ ಬಾಡೆ ದೂರದ ಅಳತೆಗೋಲಾಗಿದ್ದ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆ ಎಂದು ತೋರಿಸಿದಾಗ ಗೆಲಾಕ್ಸಿಗಳ ದೂರಗಳು ಇಮ್ಮಡಿಯಾದವು, ಮುಂದಿನ ತಿದ್ದುಪಡಿಗಳೊಡನೆ ವಿಶ್ವದ ವಯಸ್ಸು ಇಂದಿನ 1380 ಕೋಟಿ ವರ್ಷಗಳಿಗೆ ಬಂದು ನಿಂತಿದೆ.

ವಿಶ್ವ ಹಿಗ್ಗುತ್ತಿರುವಾಗ ಮನೆ, ಭೂಮಿ, ಸೌರವ್ಯೂಹ ಹಿಗ್ಗುತ್ತಿಲ್ಲವೇಕೆ ಎಂಬ ಪ್ರಶ್ನೆ ಯೋಗ್ಯವಾದುದು. ವಿದ್ಯುತ್ ಬಲವೋ ಗುರುತ್ವವೋ ಬಿಗಿಹಿಡಿದ ವ್ಯವಸ್ಥೆಗಳು ಈ ಹಿಗ್ಗುವಿಕೆಯಲ್ಲಿ ಪಾಲುಗೊಳ್ಳುವುದಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡ ಗೆಲಾಕ್ಸಿ ನಮ್ಮ ಕ್ಷೀರಪಥದತ್ತ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಧಾವಿಸಿ ಬರುತ್ತಿದೆ. ಹಿಗ್ಗುವಿಕೆ ಕಾಣುವುದು ಗೆಲಾಕ್ಸಿಗಳ ಗುಂಪುಗಳ ನಡುವಣ ದೂರಗಳಲ್ಲಿ. ಹಿಗ್ಗಿದ್ದು ತಣಿಯುತ್ತದೆ ಎಂಬ ನಿಯಮ ಮಾತ್ರ ಅಲ್ಲಿಯೂ ಇಲ್ಲಿಯೂ ಉಂಟು. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಸಹ್ಯಾದ್ರಿಯನ್ನು ಏರುವಾಗ ಒತ್ತಡ ತಗ್ಗಿ ಹಿಗ್ಗುತ್ತದೆ, ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿ ತಣಿಯುತ್ತದೆ, ತಂಪಾದ ಗಾಳಿ ಆವಿಯನ್ನು ಹಿಡಿದಿಡಲಾರದೆ ಆಗುಂಬೆಯಲ್ಲಿ ಮಳೆಯಾಗಿ ಸುರಿಸುತ್ತದೆ. ವಿಶ್ವ ಹುಟ್ಟಿ 3,80,000 ವರ್ಷಗಳಾದಾಗ ಸುಮಾರು 3000 ಕೆಲ್ವಿನ್ ಇದ್ದ ವಿಕಿರಣ, ಅಂದಿನಿಂದ ದೂರಗಳೆಲ್ಲ ಸುಮಾರು 1100 ಮಡಿ ಹಿಗ್ಗಿರುವುದರಿಂದ, ಇಂದು 2.7 ಕೆಲ್ವಿನ್‌ಗೆ ಇಳಿದಿದೆ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ್ದು ಈ ವಿಕಿರಣವನ್ನೇ.

ಹಿಗ್ಗುವಿಕೆಯ ದರ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಅತಿ ಸಾಮಾನ್ಯವಾದ ಸಮೀಕರಣವನ್ನು ಕೊಟ್ಟವರು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ. ವಿಶ್ವ ಎಲ್ಲ ದಿಕ್ಕಿಗೂ ಸಮವಾಗಿದೆ ಎಂಬ ಊಹೆಯನ್ನು ಬಿಟ್ಟು, ಒಟ್ಟಿಗೆ ಚಲಿಸುವ ಕಣಗಳ ಒಂದು ಸಮೂಹದ ಹಿಗ್ಗುವಿಕೆಯನ್ನು ದ್ರವ್ಯದ ಗುರುತ್ವ ಮತ್ತು ಆಕಾರದ ವಿರೂಪಗಳು ತಗ್ಗಿಸುತ್ತವೆ, ಸುತ್ತುವಿಕೆ ಅದಕ್ಕೆ ಎದುರಾಗಿ ನಿಲ್ಲುತ್ತದೆ ಎಂದು ಅವರು 1955ರಲ್ಲಿ ತೋರಿಸಿದರು. ಮುಂದಿನ ದಶಕದಲ್ಲಿ ಪೆನ್‌ರೋಸ್ ಮತ್ತು ಹಾಕಿಂಗ್ ಅವರ ಪ್ರಮೇಯಗಳಿಗೆ ಈ ಸಮೀಕರಣ ಬುನಾದಿಯಾಯಿತು.

ರಾಯ್‌ಚೌಧುರಿ ಅವರ ಸಮೀಕರಣ ಹೇಳುವಂತೆ ಸಾಮಾನ್ಯ ದ್ರವ್ಯ ಮಾತ್ರ ಇರುವ ವಿಶ್ವದ ಹಿಗ್ಗುವಿಕೆ ನಿಧಾನವಾಗಲೇಬೇಕು. ಹಬಲ್-ಲೆಮೆತ್ರ್ ನಿಯಮ ಇದರ ಬಗ್ಗೆ ಏನನ್ನೂ ನುಡಿಯದು, ಏಕೆಂದರೆ ಅದು ವಿಶ್ವದ ಗಾತ್ರವನ್ನು ಕಾಲಕ್ಕೆ ಅನುಸಾರವಾಗಿ ಬಿಡಿಸಿದ ಟೇಲರ್ ವಿಸ್ತರಣೆಯ ಬದಲಾವಣೆ-ದರದ ಪದವಷ್ಟೇ. ಅದರ ಮುಂದಿನ ಪದದ ಗುಣಕಕ್ಕೆ ವಿಜ್ಞಾನಿಗಳು ಮಂದನ ಪ್ರಾಚಲ ಎಂದು ಹೆಸರಿಟ್ಟು, ಅದು ಧನಸಂಖ್ಯೆ ಎಂದೇ ನಂಬಿ, ಎಷ್ಟು ದೊಡ್ಡದೆಂದು ಅಳೆಯಲು ಹೊರಟರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳು, ಎಂದರೆ ಸಿಡಿಯುವ ನಕ್ಷತ್ರಗಳು, ನಿರೀಕ್ಷೆಗಿಂತ ಮಂಕಾಗಿವೆ, ಎಂದರೆ ಹೆಚ್ಚು ದೂರದಲ್ಲಿವೆ, ಎಂದು ಕಂಡವು. ಮಂದನ ಪ್ರಾಚಲ ಋಣಸಂಖ್ಯೆಯಾಗಿತ್ತು, ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿತ್ತು. ಪರ್ಲ್‌ಮಟರ್, ಶ್ಮಿಟ್, ರೀಸ್ ಈ ಕೆಲಸಕ್ಕಾಗಿ 2011ರ ನೊಬೆಲ್ ಪಡೆದರು, ಐನ್‌ಸ್ಟೈನ್ ಸೇರಿಸಿ ಮುಂದೆ ತಾವೇ ತ್ಯಜಿಸಿದ್ದ ಪದ, ಈ ವೇಗವರ್ಧನೆಗೆ ಕಾರಣವೆನ್ನಲಾದ ಶ್ಯಾಮಶಕ್ತಿಯ ಹೆಸರಿನಲ್ಲಿ ಮರಳಿ ಬಂತು. ಆ ಶಕ್ತಿ ಕಾಲದೊಡನೆ ಬದಲಾಗುತ್ತದೆಯೇ ಎಂದು ಪರೀಕ್ಷಿಸಲು ಈಗ ಬಳಸುತ್ತಿರುವ ಸೂತ್ರವೂ ಎರಡು ಪದಗಳಿಗೆ ಕಡಿದ ಒಂದು ವಿಸ್ತರಣೆಯೇ. ಡೆಸಿ ಎಂಬ ಸರ್ವೇಕ್ಷಣೆ 2024 ಮತ್ತು 2025ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಅದು ಕ್ಷೀಣಿಸುತ್ತಿರಬಹುದೆಂಬ ಸುಳಿವು ಕೊಟ್ಟಿವೆ, ಸಾಬೀತುಪಡಿಸಿಲ್ಲ.

ಹಿಗ್ಗುವಿಕೆಯ ದರದ ಬೆಲೆಯೇ ಇನ್ನೂ ವಿವಾದದಲ್ಲಿದೆ. ಪ್ರಾಚೀನ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಫಲಿತಾಂಶದಿಂದ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ 67.4 ಕಿಲೋಮೀಟರ್ ಬರುತ್ತದೆ, ಅನಿಶ್ಚಿತತೆ ಅತ್ತಿತ್ತ 0.5. ಸೆಫೀಡ್ ಮತ್ತು ಸೂಪರ್‌ನೋವಾಗಳ ಮೂಲಕ ರೀಸ್ ಅವರ ತಂಡ ಪಡೆದದ್ದು 73, ಅನಿಶ್ಚಿತತೆ ಅತ್ತಿತ್ತ 1. ಇವೆರಡೂ ಒಟ್ಟಿಗೆ ಸರಿಯಾಗಿರಲು ಈಗಿನ ಸಿದ್ಧಾಂತದಲ್ಲಿ ಎಡೆಯಿಲ್ಲ. ಕನ್ನಡದಲ್ಲಿ ವಿಜ್ಞಾನ ಪಠ್ಯಗಳನ್ನು ಬರೆಯುವವರು ಈ ಎರಡರಲ್ಲಿ ಯಾವುದೋ ಒಂದನ್ನು ಆರಿಸಿ ಸತ್ಯವೆಂದು ಅಚ್ಚು ಮಾಡದೆ, ಎರಡನ್ನೂ ಅವುಗಳ ಅನಿಶ್ಚಿತತೆಯೊಡನೆ ವಿದ್ಯಾರ್ಥಿಗಳ ಮುಂದೆ ಇಡಬೇಕು.